ತಾವು ಕಾಣದ ಶಾಲೆಗೆ ತಾಯಿಯಾದವರು

ನಮ್ಮ ಊರುಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ಎಂದರೆ ‘ಕಾನ್ವೆಂಟ್’. ಬಡಾವಣೆಯ ಬಾಡಿಗೆ ಮನೆಯಲ್ಲಿ ನರ್ಸರಿ ತೆರೆದವರೂ ಬೋರ್ಡಿನ ಮೇಲೆ ಆ ಶಬ್ದವನ್ನು ಬರೆಸುತ್ತಾರೆ. ಮಗುವನ್ನು ಕಾನ್ವೆಂಟಿಗೆ ಸೇರಿಸಿದೆವು ಎನ್ನುವ ತಂದೆ-ತಾಯಿ ಅಲ್ಲಿ ಸನ್ಯಾಸಿನಿಯರು ಇದ್ದಾರೆಯೇ ಎಂದು ಕೇಳುವುದಿಲ್ಲ. ಆದರೆ ಈ ಶಬ್ದದ ಮೂಲ ಅರ್ಥ, ಕ್ರೈಸ್ತ ಸನ್ಯಾಸಿನಿಯರು ಒಟ್ಟಾಗಿ ಬಾಳುವ ಮಠ. ಮಠದ ಹೆಸರು ಶಾಲೆಗೆ ಅಂಟಿಕೊಂಡದ್ದರ ಹಿಂದೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ದೊಡ್ಡ ಚರಿತ್ರೆಯಿದೆ. ಕರ್ನಾಟಕದ ಕರಾವಳಿಯಲ್ಲಿ ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಶುರುವಾದದ್ದು 1870ರ ನವೆಂಬರಿನಲ್ಲಿ, ಮಂಗಳೂರಿಗೆ ಬಂದಿಳಿದ ಮೂವರು ಸನ್ಯಾಸಿನಿಯರಿಂದ. ಅವರನ್ನು ಕಳುಹಿಸಿಕೊಟ್ಟ ಮಹಿಳೆ ಮಾತ್ರ ಅವರ ಶಾಲೆಯನ್ನು ಒಮ್ಮೆಯೂ ನೋಡಲಿಲ್ಲ.

ಆಕೆಯ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ. ತಂದೆ ಹೆನ್ರಿ ಲೀವ್ಸ್ ಆಂಗ್ಲಿಕನ್ ಪಾದ್ರಿ. ಬೈಬಲನ್ನು ಜನಬಳಕೆಯ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ತೊಡಗಿದ್ದವರು. ಇಂಥ ಪ್ರಾಟೆಸ್ಟಂಟ್ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕೆಥೊಲಿಕ್ ಸಭೆಯನ್ನು ಸೇರಿದರು. ಮರುವರ್ಷವೇ ಫ್ರಾನ್ಸಿನ ‘ಸಿಸ್ಟರ್ಸ್ ಆಫ್ ಸೇಂಟ್ ಜೋಸೆಫ್ ಆಫ್ ದಿ ಅಪಾರಿಷನ್’ ಎಂಬ ಸಂಸ್ಥೆಗೆ ಸೇರಿ ಸನ್ಯಾಸಿನಿಯಾದರು. ಶಾಲೆ, ಆಸ್ಪತ್ರೆಗಳ ಸೇವೆ ಆ ಸಂಸ್ಥೆಯ ಕೆಲಸವಾಗಿತ್ತು. ಅದರ ಪರವಾಗಿಯೇ ಅವರು 1860ರ ದಶಕದ ಆರಂಭದಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿನ ಕಾನ್ವೆಂಟಿನ ಹೊಣೆ ಹೊತ್ತರು.

ಮಠ ಮತ್ತು ಶಾಲೆಯ ನಡುವೆ

ಆಗ ಕಲ್ಲಿಕೋಟೆ ಮಂಗಳೂರಿನ ಕೆಥೊಲಿಕ್ ಆಡಳಿತಕ್ಕೆ ಸೇರಿತ್ತು. ಆ ಆಡಳಿತ ಯುರೋಪಿನಿಂದ ಬಂದ ಕಾರ್ಮೆಲ್ ಪಂಗಡದ ಪಾದ್ರಿಗಳ ಕೈಯಲ್ಲಿತ್ತು. ಅವರಲ್ಲೊಬ್ಬರು ಫ್ರಾನ್ಸಿನ ಮರೀ ಎಫ್ರೆಮ್. ಮುಂದೆ ಮಂಗಳೂರಿನ ಬಿಷಪ್ ಆದವರು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಕಾರ್ಮೆಲ್ ಪಂಗಡದವರೇ ಆದ ಸನ್ಯಾಸಿನಿಯರು ಬೇಕೆಂಬುದು ಅವರ ಹಂಬಲ.

ಇಲ್ಲಿಯೇ ತೊಡಕಿದ್ದದ್ದು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಂತ ತೆರೇಸಾ ಸುಧಾರಿಸಿದ ಕಾರ್ಮೆಲ್ ಮಠದ ಸನ್ಯಾಸಿನಿಯರದು ಗೋಡೆಯೊಳಗಿನ ಬದುಕು. ಮೌನ, ಪ್ರಾರ್ಥನೆ, ಕೈಕೆಲಸ ಇಷ್ಟೇ ಅವರ ದಿನಚರಿ. ಒಮ್ಮೆ ಒಳಗೆ ಹೋದವರು ಹೊಸ್ತಿಲು ದಾಟಿ ಬಂದು ಮಕ್ಕಳಿಗೆ ಅಕ್ಷರ ಕಲಿಸುವಂತಿರಲಿಲ್ಲ. ಅದಕ್ಕೆ ಉಳಿದ ದಾರಿ ‘ಮೂರನೆಯ ಶ್ರೇಣಿ’. ಕಾರ್ಮೆಲ್ ಪಂಗಡದಲ್ಲಿ ಪುರುಷರದು ಮೊದಲ ಶ್ರೇಣಿ, ಗೋಡೆಯೊಳಗಿನ ಸನ್ಯಾಸಿನಿಯರದು ಎರಡನೆಯದು. ಹೊರಗಿದ್ದು ಅದೇ ಆದರ್ಶವನ್ನು ಪಾಲಿಸುವವರದು ಮೂರನೆಯದು. ಈ ಮೂರನೆಯ ಶ್ರೇಣಿಯಲ್ಲಿ ಪ್ರಾರ್ಥನೆಯಲ್ಲಿ ಕಾರ್ಮೆಲ್, ಕೆಲಸದಲ್ಲಿ ಶಿಕ್ಷಕಿ ಎನ್ನುವಂಥ ಸನ್ಯಾಸಿನಿಯರ ಹೊಸ ಸಂಸ್ಥೆಯನ್ನು ಕಟ್ಟುವುದು ಎಂದಾಯಿತು.

ಕಟ್ಟುವ ಹೊಣೆ ಸೋಫಿಯವರ ಪಾಲಿಗೆ ಬಂತು. ಅದಕ್ಕಾಗಿ ಅವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ತಮ್ಮ ಸಂಸ್ಥೆಯನ್ನು ಬಿಡಬೇಕಾಯಿತು. 1867ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಫ್ರಾನ್ಸಿನ ಪೌ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಸೇರಿ ಮೊದಲ ಪಾಠದಿಂದ ಆರಂಭಿಸಿದರು. ಮದರ್ ವೆರೋನಿಕಾ ಎಂದೇ ಚರಿತ್ರೆ ಅವರನ್ನು ಗುರುತಿಸುತ್ತದೆ. 1868ರ ಜುಲೈ 16ರಂದು ಬಯೋನ್ ಪಟ್ಟಣದಲ್ಲಿ ಹೊಸ ಸಂಸ್ಥೆ ಶುರುವಾಯಿತು. ಅದೇ ಅಪೋಸ್ಟೋಲಿಕ್ ಕಾರ್ಮೆಲ್. ಮಂಗಳೂರಿಗೆ ಹೋಗಲಿರುವ ಸನ್ಯಾಸಿನಿಯರಿಗೆ ತರಬೇತಿ ಕೊಡುವುದು ಬಯೋನ್ ಮನೆಯ ಕೆಲಸ.

ಸಾವು ಕಂಡ ಪ್ರಯಾಣ

1870ರಲ್ಲಿ ಮಂಗಳೂರಿಗೆ ಹೊರಟದ್ದು ಎರಡು ಬಗೆಯ ಸನ್ಯಾಸಿನಿಯರು. ಗೋಡೆಯೊಳಗಿನ ಮಠವೊಂದನ್ನೂ ಮಂಗಳೂರಿನಲ್ಲಿ ಸ್ಥಾಪಿಸುವ ಯೋಜನೆಯಿತ್ತು. ಅದಕ್ಕಾಗಿ ಪೌ ಮಠದಿಂದ ಮೊದಲು ಹೊರಟ ತಂಡದಲ್ಲಿ ಮೂವರು ಮಂಗಳೂರು ಮುಟ್ಟಲೇ ಇಲ್ಲ. ಇಬ್ಬರು ಏಡನ್‌ನಲ್ಲಿ, ಒಬ್ಬರು ಕಲ್ಲಿಕೋಟೆಯಲ್ಲಿ ಪ್ರಾಣ ಬಿಟ್ಟರು. ಬದುಕುಳಿದವರಲ್ಲಿ ಪ್ಯಾಲೆಸ್ಟೈನಿನ ತರುಣಿ ಮರಿಯಂ ಬವಾರ್ದಿ ಇದ್ದರು. ಪೌ ಮಠಕ್ಕೆ ಅವರನ್ನು ತಮ್ಮ ಜೊತೆ ಕರೆದೊಯ್ದಿದ್ದವರು ವೆರೋನಿಕಾ ಅವರೇ. 1872ರಲ್ಲಿ ಫ್ರಾನ್ಸಿಗೆ ಮರಳಿದ ಮರಿಯಂ ಅವರನ್ನು ಕೆಥೊಲಿಕ್ ಸಭೆ 2015ರಲ್ಲಿ ಸಂತರೆಂದು ಘೋಷಿಸಿತು.

ಶಿಕ್ಷಕಿಯರ ತಂಡದ ಮೂವರು ನವೆಂಬರ್ 19ರಂದು ಮಂಗಳೂರು ತಲುಪಿದರು. ಮುಖ್ಯಸ್ಥೆ ಮದರ್ ಮರೀ ದೆಸಾಂಜ್. ಸೇಂಟ್ ಆ್ಯನ್ಸ್ ಕಾನ್ವೆಂಟಿನಲ್ಲಿ ನೆಲೆಸಿ ಅವರು ಹೆಣ್ಣುಮಕ್ಕಳ ಶಾಲೆ ನಡೆಸತೊಡಗಿದರು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆಯತೊಡಗಿ ಆಗಲೇ ಮೂರು ದಶಕ ಕಳೆದಿತ್ತು. ಆದರೂ ಮಗಳನ್ನು ಶಾಲೆಗೆ ಕಳುಹಿಸುವುದು ಆ ಕಾಲದ ಹೆಚ್ಚಿನ ಮನೆಗಳಲ್ಲಿ ರೂಢಿಯಾಗಿರಲಿಲ್ಲ. ಪಾಠ ಹೇಳುವವರು ಹೆಂಗಸರು ಎಂಬುದು ಇಂಥ ಮನೆಗಳವರಿಗೆ ಧೈರ್ಯ ಕೊಡುವ ಸಂಗತಿ.

ಮುಚ್ಚಿದ ಬಾಗಿಲು

ಶಾಲೆ ಬೇರೂರುವ ಮೊದಲೇ ಎರಡು ಆಸರೆಗಳು ಕಳಚಿದವು. 1873ರಲ್ಲಿ ಬಿಷಪ್ ಮರೀ ಎಫ್ರೆಮ್ ತೀರಿಕೊಂಡರು. ಅದೇ ವರ್ಷ ಬಯೋನ್ ಮನೆಯೂ ಮುಚ್ಚಿತು. ವೆರೋನಿಕಾ ಮರಳಿ ಪೌ ಮಠದ ಗೋಡೆಯೊಳಗೆ ಸೇರಿದರು. ನಡುವೆ ಕೆಲವು ವರ್ಷ ಬೆತ್ಲೆಹೆಮ್ಮಿನ ಕಾರ್ಮೆಲ್ ಮಠದಲ್ಲಿದ್ದದ್ದು ಬಿಟ್ಟರೆ ಕೊನೆಯವರೆಗೂ ಅಲ್ಲಿಯೇ ಉಳಿದು, 1906ರ ನವೆಂಬರ್ 16ರಂದು ಕಣ್ಮುಚ್ಚಿದರು. ಭಾರತಕ್ಕೆ ಮತ್ತೆ ಬರಲಿಲ್ಲ.

ತಾಯಿಮನೆ ಮುಚ್ಚಿದರೂ ಮಂಗಳೂರಿನ ಶಾಲೆ ಮುಚ್ಚಲಿಲ್ಲ ಎಂಬುದೇ ಈ ಕಥೆಯ ತಿರುಳು. ಯೋಚನೆ ಬಿಷಪ್ಪರದು, ಅದಕ್ಕೆ ರೂಪ ಕೊಟ್ಟವರು ವೆರೋನಿಕಾ; ದಿನವೂ ಗಂಟೆ ಹೊಡೆದು ತರಗತಿ ನಡೆಸಿದವರು ಮರೀ ದೆಸಾಂಜ್ ಮತ್ತು ಅವರ ಸಂಗಡಿಗರು. ಸ್ಥಾಪಕರು ಯಾರು ಎಂದರೆ ಇವರಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. ಫ್ರಾನ್ಸಿನಲ್ಲಿ ಬೇರು ಒಣಗಿದ ಸಂಸ್ಥೆಗೆ ಮಂಗಳೂರೇ ತವರಾಯಿತು.

1921ರಲ್ಲಿ ಇದೇ ಸಂಸ್ಥೆಯ ಮದರ್ ಅಲೋಶಿಯಾ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಅಲ್ಲಿಯವರೆಗೆ ಈ ಕರಾವಳಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಕಾಲೇಜು ಇರಲಿಲ್ಲ. ಅದೇ ವರ್ಷ ಮಂಗಳೂರಿನ ಬೆಂದೂರಿನಲ್ಲಿ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಅದರ ಮೊದಲ ಸದಸ್ಯೆಯರು ಇದೇ ನೆಲದ ಹೆಣ್ಣುಮಕ್ಕಳು. ಐವತ್ತು ವರ್ಷದ ಹಿಂದೆ ಶಿಕ್ಷಕಿಯರಿಗಾಗಿ ಹಡಗಿನ ದಾರಿ ಕಾಯುತ್ತಿದ್ದ ಊರು ತಾನೇ ಶಿಕ್ಷಕಿಯರನ್ನು ಕೊಡುವಂತಾಗಿತ್ತು. 1948ರಲ್ಲಿ ತ್ರಿಶ್ಶೂರಿನಿಂದ ಬೆಂಗಳೂರಿಗೆ ಬಂದ ಮೌಂಟ್ ಕಾರ್ಮೆಲ್ ಕಾಲೇಜು ಕೂಡ ಅಪೋಸ್ಟೋಲಿಕ್ ಕಾರ್ಮೆಲ್‌ನದೇ. ಸಂಸ್ಥೆಯ ಶಾಲೆಗಳು ಶ್ರೀಲಂಕಾ, ಕುವೈತ್‌ಗೂ ಹಬ್ಬಿದವು.

2014ರಲ್ಲಿ ಕೆಥೊಲಿಕ್ ಸಭೆ ಮದರ್ ವೆರೋನಿಕಾ ಅವರನ್ನು ‘ಪೂಜ್ಯರು’ ಎಂದು ಘೋಷಿಸಿತು. ಸಂತ ಪದವಿಯ ದಾರಿಯಲ್ಲಿ ಇದೊಂದು ಮೆಟ್ಟಿಲು. ಇತ್ತ ಮಂಗಳೂರಿನಲ್ಲಿ ಕಾರ್ಮೆಲ್ ಮಾತೆಯ ಹೆಸರು ಕೇಳದ ಮನೆಗಳ ಹೆಣ್ಣುಮಕ್ಕಳೂ, ಬೇರೆ ಬೇರೆ ಜಾತಿ-ಮತದವರು, ಅವರು ಬಿತ್ತಿದ್ದರ ಫಲವಾದ ತರಗತಿಗಳಲ್ಲಿ ಕುಳಿತು ಓದಿದ್ದಾರೆ, ಓದುತ್ತಿದ್ದಾರೆ. ‘ಕಾನ್ವೆಂಟ್’ ಎಂಬ ಶಬ್ದ ಮಠದ ಗೋಡೆ ದಾಟಿ ನಮ್ಮ ಮಾತಿಗೆ ಬಂದದ್ದು ಇಂಥವರ ಶಾಲೆಗಳಿಂದ.