ಭೂತಋಣವೂ ರಾಜಶಾಸನವೂ

೧

ಅಶೋಕಮೌರ್ಯನ ಧರ್ಮಲಿಪಿಗಳನ್ನು ನಮ್ಮ ವಿದ್ಯಾಶಾಲೆಗಳಲ್ಲಿ ಬೋಧಿಸುವಾಗ, ಅವುಗಳಲ್ಲಿ ತೋರುವ ಪ್ರಾಣಿದಯೆಯನ್ನು ಒಬ್ಬ ಪುಣ್ಯಶೀಲನಾದ ಅರಸನ ಹೃದಯಗುಣವೆಂದು ಕೊಂಡಾಡಿ ಮುಂದಕ್ಕೆ ಸಾಗುವ ರೂಢಿಯುಂಟು. ಕೌಟಿಲೀಯ ಅರ್ಥಶಾಸ್ತ್ರವನ್ನು ಪಾಠಹೇಳುವಾಗ ಸೂನಾಧ್ಯಕ್ಷ, ಗೋಧ್ಯಕ್ಷ, ಹಸ್ತ್ಯಧ್ಯಕ್ಷ ಮೊದಲಾದ ಪ್ರಕರಣಗಳನ್ನು ಶುಷ್ಕವೆಂದು ಬಿಟ್ಟುಬಿಡುವ ರೂಢಿಯೂ ಉಂಟು. ಹೀಗೆ ಒಂದನ್ನು ಭಕ್ತಿಯಿಂದಲೂ ಮತ್ತೊಂದನ್ನು ಅನಾದರದಿಂದಲೂ ಓದಿದುದರ ಫಲವಾಗಿ, ಎರಡರಲ್ಲಿಯೂ ಅಡಗಿರುವ ಒಂದು ಮುಖ್ಯಪ್ರಶ್ನೆಯು ನಮ್ಮ ದೃಷ್ಟಿಗೆ ಬೀಳದೆ ಹೋಗಿದೆ. ಮೂಕಪ್ರಾಣಿಗಳ ಮತ್ತು ವನಗಳ ವಿಷಯದಲ್ಲಿ ಆಳುವವನು ಯಾರಿಗೆ ಉತ್ತರವಾದಿ, ಯಾವ ರೀತಿಯಿಂದ ಉತ್ತರವಾದಿ ಎಂಬುದೇ ಆ ಪ್ರಶ್ನೆ. ಇದನ್ನು ಪ್ರಾಚೀನ ಶಾಸನಶಾಸ್ತ್ರಗಳಲ್ಲಿ ಪರಿಶೀಲಿಸಿ, ಅದೇ ಒರೆಗಲ್ಲಿಗೆ ಇಂದಿನ ಭಾರತದ ಕಾಯಿದೆಗಳನ್ನೂ ಉಜ್ಜಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಶಬ್ದಗಳನ್ನು ವಿಂಗಡಿಸಿಕೊಳ್ಳಬೇಕು. ದಯೆಯೆಂಬುದು ಕೊಡುವವನ ಸ್ವಾತಂತ್ರ್ಯಕ್ಕೆ ಸೇರಿದುದು. ಋಣವೆಂಬುದು ಪಡೆಯತಕ್ಕವನ ಸ್ವತ್ತು. ದಯೆ ತೋರದವನನ್ನು ಲೋಕವು ಕಠಿನನೆಂದು ನಿಂದಿಸಬಹುದು, ನಿಲ್ಲಿಸಿ ಕೇಳಲಾರದು. ಋಣ ತೀರಿಸದವನನ್ನಾದರೋ ನಿಲ್ಲಿಸಿ ಕೇಳುವ ಅಧಿಕಾರವುಂಟು. ವೈದಿಕ ಸಂಪ್ರದಾಯದಲ್ಲಿ ದೇವ, ಋಷಿ, ಪಿತೃಗಳ ಋಣತ್ರಯವು ಪ್ರಸಿದ್ಧವಾದುದು. ಶತಪಥಬ್ರಾಹ್ಮಣವು ಇದಕ್ಕೆ ಮನುಷ್ಯಋಣವನ್ನೂ ಕೂಡಿಸುತ್ತದೆ. ಅಶೋಕನು ತನ್ನ ಆರನೆಯ ಶಿಲಾಶಾಸನದಲ್ಲಿ, ತಾನು ಮಾಡುವ ಪರಿಶ್ರಮವೆಲ್ಲವೂ ಭೂತಗಳ ಋಣದಿಂದ ಮುಕ್ತನಾಗಲೆಂದೇ ಎಂದು ಹೇಳಿಕೊಂಡಿದ್ದಾನೆ. ಇಲ್ಲಿ ಭೂತಶಬ್ದವು ಮನುಷ್ಯರಿಗೆ ಮಾತ್ರ ಸಲ್ಲುವುದೆಂದು ಶಂಕಿಸಬಹುದು. ಆದರೆ ಅವನೇ ನಾಲ್ಕನೆಯ ಶಿಲಾಶಾಸನದಲ್ಲಿ ಪ್ರಾಣವುಳ್ಳವುಗಳನ್ನು ಕೊಲ್ಲದಿರುವುದನ್ನೂ ಭೂತಗಳನ್ನು ಹಿಂಸಿಸದಿರುವುದನ್ನೂ ಜೊತೆಜೊತೆಯಾಗಿ ಹೇಳಿರುವುದರಿಂದ, ಈ ಶಬ್ದದ ವ್ಯಾಪ್ತಿ ಮನುಷ್ಯರನ್ನು ಮೀರಿದ್ದೆಂದು ಗ್ರಹಿಸುವುದೇ ಯುಕ್ತ. ಅರಸನು ತನ್ನನ್ನು ದಾತೃವೆಂದು ಕರೆದುಕೊಳ್ಳದೆ ಸಾಲಗಾರನೆಂದು ಕರೆದುಕೊಂಡನೆಂಬುದೇ ಇಲ್ಲಿಯ ವಿಶೇಷ.

೨

ಋಣವೆಂದು ಬಾಯಲ್ಲಿ ಹೇಳಿದಮಾತ್ರಕ್ಕೆ ಅದು ತೀರುವುದಿಲ್ಲ. ಪತ್ರದಲ್ಲಿ ಮೊತ್ತವೂ ಗಡುವೂ ಇರಬೇಕು. ಅಶೋಕನ ಐದನೆಯ ಸ್ತಂಭಶಾಸನವನ್ನು ಈ ದೃಷ್ಟಿಯಿಂದ ಓದಿದರೆ ಅದು ಧರ್ಮೋಪದೇಶವಾಗಿ ಕಾಣದೆ ಕಚೇರಿಯ ಆಜ್ಞಾಪತ್ರವಾಗಿ ಕಾಣುತ್ತದೆ. ಅಭಿಷೇಕವಾಗಿ ೨೬ ವರ್ಷಗಳು ಕಳೆದ ಮೇಲೆ ಹೊರಡಿಸಿದ ಈ ಶಾಸನದಲ್ಲಿ ಮೊದಲು ಅವಧ್ಯಪ್ರಾಣಿಗಳ ಪಟ್ಟಿಯಿದೆ: ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲು, ಕಾಡುಪಾರಿವಾಳ, ಊರಪಾರಿವಾಳ ಮೊದಲಾದುವು; ಕೊನೆಗೆ ಉಪಯೋಗಕ್ಕೂ ಆಹಾರಕ್ಕೂ ಬಾರದ ಸಮಸ್ತ ಚತುಷ್ಪಾದಿಗಳು. ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಕೂಡದು. ಜೀವಿಗಳಿರುವ ಹೊಟ್ಟನ್ನು ಸುಡಕೂಡದು. ನಿಷ್ಕಾರಣವಾಗಿಯಾಗಲಿ ಪ್ರಾಣಿಗಳನ್ನು ಕೊಲ್ಲುವುದಕ್ಕಾಗಿಯಾಗಲಿ ಅರಣ್ಯಕ್ಕೆ ಬೆಂಕಿಯಿಡಕೂಡದು. ಜೀವಿಯನ್ನು ಜೀವಿಗೆ ಆಹಾರವಾಗಿ ಉಣಿಸಕೂಡದು.

ಅನಂತರ ತಿಥಿನಕ್ಷತ್ರಗಳ ನಿರ್ದೇಶ ಬರುತ್ತದೆ. ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯದ ಹುಣ್ಣಿಮೆಯಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲುವುದೂ ಮಾರುವುದೂ ನಿಷಿದ್ಧ. ಆ ದಿನಗಳಲ್ಲಿ ಆನೆಗಳ ಕಾಡಿನಲ್ಲಿಯೂ ಬೆಸ್ತರ ಮೀಸಲುನೀರುಗಳಲ್ಲಿಯೂ ಇತರ ಜೀವಿಗಳಿಗೂ ಅಭಯ. ಅಷ್ಟಮಿ, ಚತುರ್ದಶಿ, ಪಂಚದಶಿಗಳಲ್ಲಿಯೂ ತಿಷ್ಯ, ಪುನರ್ವಸು ನಕ್ಷತ್ರಗಳಲ್ಲಿಯೂ ಹೋರಿಗಳ ಬೀಜ ಒಡೆಯಕೂಡದು. ಕೆಲವು ದಿನಗಳಲ್ಲಿ ಕುದುರೆ ಎತ್ತುಗಳಿಗೆ ಮುದ್ರೆಯ ಬರೆ ಹಾಕಕೂಡದು. ಯಾವ ಪ್ರಾಣಿ, ಯಾವ ಸ್ಥಳ, ಯಾವ ದಿನ, ಯಾವ ಕ್ರಿಯೆ ಎಂಬ ನಾಲ್ಕೂ ಇಲ್ಲಿ ಸ್ಪಷ್ಟವಾಗಿವೆ. ಹೆಸರಿಸಿದುದನ್ನು ಮಾತ್ರವೇ ಎಣಿಸಬಹುದು, ಎಣಿಸಿದುದರ ಲೆಕ್ಕವನ್ನು ಮಾತ್ರವೇ ಕೇಳಬಹುದು. ಅರಸನು ತನ್ನ ಮನೆಯ ಲೆಕ್ಕವನ್ನೂ ಮರೆಮಾಡಲಿಲ್ಲ. ಹಿಂದೆ ತನ್ನ ಅಡುಗೆಮನೆಯಲ್ಲಿ ದಿನವೊಂದಕ್ಕೆ ಲಕ್ಷಾವಧಿ ಪ್ರಾಣಿಗಳು ಹತವಾಗುತ್ತಿದ್ದುವೆಂದೂ, ಈಗ ಎರಡು ನವಿಲು ಒಂದು ಜಿಂಕೆ ಮಾತ್ರವೆಂದೂ, ಮುಂದೆ ಅವೂ ಇಲ್ಲವೆಂದೂ ಮೊದಲನೆಯ ಶಿಲಾಶಾಸನದಲ್ಲಿ ಬಹಿರಂಗವಾಗಿ ಕೆತ್ತಿಸಿದ್ದಾನೆ.

ಆಜ್ಞೆಯನ್ನು ನಡೆಸುವ ಅಧಿಕಾರಿಗಳ ಮಾತೇನು? ಇದಕ್ಕೆ ಉತ್ತರ ನಮ್ಮ ನಾಡಿನ ನೆಲದಲ್ಲಿಯೇ ದೊರೆತಿದೆ. ಐದನೆಯ ಸ್ತಂಭಶಾಸನದ ಪ್ರತಿ ಕರ್ನಾಟಕದಲ್ಲಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ೧೯೮೯ರಲ್ಲಿ ಬೆಳಕಿಗೆ ಬಂದ ಶಿಲೆಯ ಮೇಲೆ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳ ಪಾಠವಿದೆ. ಇವು ಪ್ರಾಣಿಗಳನ್ನು ಕುರಿತವಲ್ಲ, ಮಹಾಮಾತ್ರರನ್ನು ಕುರಿತವು. ಅಸೂಯೆ, ಕ್ರೋಧ, ನಿಷ್ಠುರತೆ, ಆತುರ, ಅನಭ್ಯಾಸ, ಆಲಸ್ಯ, ಬಳಲಿಕೆ ಎಂಬ ದೋಷಗಳು ಅಧಿಕಾರಿಯನ್ನು ಸಮದೃಷ್ಟಿಯಿಂದ ಕೆಡಿಸುವುವೆಂದು ಮೊದಲನೆಯ ಪ್ರತ್ಯೇಕಶಾಸನ ಎಣಿಸಿ, ಪ್ರತಿಯೊಂದು ತಿಷ್ಯದ ದಿನವೂ ಆ ಲಿಪಿಯನ್ನು ಓದಿಸಿ ಕೇಳಬೇಕೆಂದೂ, ಐದು ವರ್ಷಗಳಿಗೊಮ್ಮೆ ಪರಿಶೀಲನೆಗೆ ಅಧಿಕಾರಿಯನ್ನು ಕಳುಹಿಸುವೆನೆಂದೂ ವಿಧಿಸುತ್ತದೆ. ಹೋರಿಯನ್ನು ಮುಟ್ಟಬಾರದ ತಿಷ್ಯದ ದಿನವೇ ಅಧಿಕಾರಿಯು ತನ್ನ ದೋಷಗಳ ಪಟ್ಟಿಯನ್ನು ಕೇಳಬೇಕಾದ ದಿನವೂ ಆಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು.

೩

ಅಶೋಕನ ಪ್ರಾಣಿಶಾಸನದಲ್ಲಿ ದಂಡದ ಮೊತ್ತ ಕಾಣುವುದಿಲ್ಲ. ಆ ಕೊರತೆಯನ್ನು ತುಂಬಿ ನೋಡುವುದಕ್ಕೆ ಅರ್ಥಶಾಸ್ತ್ರ ನೆರವಾಗುತ್ತದೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದಲ್ಲಿ, ಅಭಯವನದಲ್ಲಿರುವ ಮೃಗ, ಪಶು, ಪಕ್ಷಿ, ಮತ್ಸ್ಯಗಳನ್ನು ಕಟ್ಟಿದವನಿಗೂ ಕೊಂದವನಿಗೂ ಉತ್ತಮಸಾಹಸದಂಡ ವಿಹಿತವಾಗಿದೆ. ಕರುವನ್ನೂ ಹೋರಿಯನ್ನೂ ಹಾಲುಕೊಡುವ ಹಸುವನ್ನೂ ಕೊಂದವನಿಗೆ ೫೦ ಪಣಗಳ ದಂಡ. ಆನೆಯನ್ನು ಕೊಂದವನಿಗೆ ಪ್ರಾಣದಂಡವೇ ಸರಿ. ಇದೇ ಗ್ರಂಥದ ಐದನೆಯ ಅಧಿಕರಣವು ಪಶುಗಳ ಪರಿಚಾರಕರಿಗೆ ೬೦ ಪಣಗಳ ವೇತನವನ್ನು ನಿರ್ಣಯಿಸಿದೆ. ಇದನ್ನು ವಾರ್ಷಿಕವೆಂದು ಅರ್ಥಮಾಡುವುದು ಸಾಮಾನ್ಯವಾದ ಪಕ್ಷ. ಹಾಗಾದರೆ ಒಂದು ಕರುವನ್ನು ಕೊಂದುದಕ್ಕೆ ದನಕಾಯುವವನ ಸುಮಾರು ಹತ್ತು ತಿಂಗಳ ದುಡಿಮೆ ದಂಡವಾಗುತ್ತಿದ್ದಿತು.

ಇದಕ್ಕಿಂತಲೂ ಪ್ರಕೃತಕ್ಕೆ ಉಪಯುಕ್ತವಾದುದು ರಾಜಸೇವಕರ ಮೇಲಣ ದಂಡ. ಗಜಶಾಲೆಯು ಶುಚಿಯಾಗಿಲ್ಲದಿರುವುದು, ಮೇವನ್ನು ತಾರದಿರುವುದು, ಬರಿಯ ನೆಲದ ಮೇಲೆ ಮಲಗಿಸುವುದು, ತಾಡಿಸಬಾರದ ಅಂಗದಲ್ಲಿ ತಾಡಿಸುವುದು, ಅಕಾಲದಲ್ಲಿ ನಡೆಸುವುದು, ಇಳಿಸಬಾರದ ಕಡೆಯಲ್ಲಿ ನೀರಿಗಿಳಿಸುವುದು ಇವೆಲ್ಲವೂ ಅತ್ಯಯಸ್ಥಾನಗಳು, ಅಂದರೆ ದಂಡಕ್ಕೆ ಕಾರಣವಾದ ತಪ್ಪುಗಳು. ಆ ದಂಡವನ್ನು ಸೇವಕರ ಭತ್ಯವೇತನಗಳಿಂದಲೇ ಕಳೆದುಕೊಳ್ಳತಕ್ಕದ್ದು. ಪಶುವೈದ್ಯನ ಚಿಕಿತ್ಸಾದೋಷದಿಂದ ರೋಗ ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ. ಅವನ ತಪ್ಪಿನಿಂದ ಪ್ರಾಣಿಯು ಸತ್ತರೆ ಅದರ ಬೆಲೆಯೇ ದಂಡ. ಅಶ್ವಗಳನ್ನು ಕುರಿತು ಹೇಳಿದ ಈ ನಿಯಮವು ಹಸು, ಎಮ್ಮೆ, ಕತ್ತೆ, ಒಂಟೆ, ಆಡು, ಕುರಿಗಳಿಗೂ ಅನ್ವಯಿಸುವುದೆಂದು ಕೌಟಿಲ್ಯನೇ ವಿಸ್ತರಿಸಿದ್ದಾನೆ. ಇದು ಕರುಣೆಯಿಂದ ಹುಟ್ಟಿದುದೆಂದು ನಾವು ಭ್ರಮಿಸಬೇಕಾದುದಿಲ್ಲ. ಆನೆ ಸೇನಾಂಗ, ಹಸು ರಾಜ್ಯದ ಧನ. ಆದರೆ ಹೃದಯ ಯಾವುದೇ ಇರಲಿ, ಹಸಿದ ಆನೆಯ ಮೇವಿನ ಲೆಕ್ಕವು ಹೊಣೆಹೊತ್ತವನ ತಟ್ಟೆಯಿಂದ ಕಳೆಯಲ್ಪಡುತ್ತಿದ್ದುದು ನಿಶ್ಚಯ.

೪

ಇಲ್ಲಿ ಒಂದು ಪೂರ್ವಪಕ್ಷವುಂಟು. ವ್ಯವಹಾರಕ್ಕೆ ಅರ್ಥಿಯೂ ಪ್ರತ್ಯರ್ಥಿಯೂ ಬೇಕು; ಪಶುವು ಬಂದು ಆವೇದನ ಮಾಡಲಾರದು; ಅರ್ಥಿಯಿಲ್ಲದ ಕಡೆ ಋಣವೆಂಬ ಮಾತು ಉಪಚಾರಮಾತ್ರ; ಆದುದರಿಂದ ಪ್ರಾಣಿಗಳ ವಿಷಯದಲ್ಲಿ ಅರಸನಿಗಿರುವುದು ದಯೆಯೇ ಹೊರತು ಉತ್ತರವಾದಿತ್ವವಲ್ಲ ಎಂದು.

ಸಮಾಧಾನ ಹೀಗೆ. ದೂರುವವನಿಲ್ಲದಿದ್ದರೂ ಅರಸನು ತಾನಾಗಿಯೇ ವಿಚಾರಿಸತಕ್ಕ ವಿಷಯಗಳನ್ನು ಧರ್ಮಶಾಸ್ತ್ರಕಾರರು ಛಲ, ಅಪರಾಧ, ಪದಗಳೆಂದು ಬೇರೆಯಾಗಿಯೇ ಎಣಿಸಿದ್ದಾರೆ. ಅರ್ಥಿಯ ಅಭಾವವು ಉತ್ತರವಾದಿತ್ವವನ್ನು ಕಳೆಯುವುದಿಲ್ಲ. ಅಲ್ಲದೆ, ಕಲ್ಯಾಣದ ಚಾಳುಕ್ಯರ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಪಶುಗಳಿಗೆ ನೋವುಂಟುಮಾಡುವುದೂ ರಕ್ತ ಸುರಿಸುವುದೂ ಅಂಗವನ್ನು ಕಡಿಯುವುದೂ ಮನುಷ್ಯನನ್ನು ಹೊಡೆಯುವ ಅಪರಾಧವನ್ನು ಹೇಳುವ ದಂಡಪಾರುಷ್ಯಪ್ರಕರಣದಲ್ಲಿಯೇ ಬರುತ್ತವೆ. ಕ್ಷುದ್ರಪಶುಗಳಿಗೆ ೨ ಪಣಗಳಿಂದ ಮೊದಲಾಗಿ ದಂಡವು ಏರುತ್ತ ಹೋಗುತ್ತದೆ. ಮಹಾಪಶುಗಳಿಗೆ ಅದರ ಇಮ್ಮಡಿ. ಅದೇ ಪ್ರಕರಣದಲ್ಲಿ ಮರದ ಕೊಂಬೆಯನ್ನು ಕಡಿದರೆ ೨೦, ಕಾಂಡವನ್ನು ಕಡಿದರೆ ೪೦, ಸಮೂಲವಾಗಿ ಕಡಿದರೆ ೮೦ ಪಣ. ಚೈತ್ಯ, ಶ್ಮಶಾನ, ಸೀಮೆ, ದೇವಾಲಯಗಳ ಮರಗಳಿಗೆ ಇಮ್ಮಡಿ. ಪೊದೆ ಬಳ್ಳಿಗಳಿಗೆ ಅರ್ಧ. ಮನುಷ್ಯ, ಪಶು, ವೃಕ್ಷ ಮೂರಕ್ಕೂ ಆಗುವ ಆಘಾತವನ್ನು ಒಂದೇ ಶೀರ್ಷಿಕೆಯ ಕೆಳಗೆ ತಂದ ಈ ವಿನ್ಯಾಸವು ಆಕಸ್ಮಿಕವೆಂದು ತೋರುವುದಿಲ್ಲ.

ಆದರೆ ಪ್ರಾಚೀನವ್ಯವಸ್ಥೆಯ ನಿಜವಾದ ಕೊರತೆ ಬೇರೊಂದು ಕಡೆಯಿದೆ. ಸೇವಕನನ್ನು ಅರಸನು ದಂಡಿಸುತ್ತಾನೆ, ಅರಸನನ್ನು ದಂಡಿಸುವವರಾರು? ರಕ್ಷಿಸುವ ಅರಸನಿಗೆ ಪ್ರಜೆಗಳ ಧರ್ಮದ ಆರನೆಯ ಒಂದು ಪಾಲೂ, ರಕ್ಷಿಸದವನಿಗೆ ಅಧರ್ಮದ ಆರನೆಯ ಒಂದು ಪಾಲೂ ಬರುವುದೆಂದು ಮನುವಿನ ಮತ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವ ಕಡೆ ಅರಸನಿಗೆ ಸಾವಿರವೆಂದೂ ಅವನೇ ಹೇಳುತ್ತಾನೆ. ಆದರೆ ರಾಜರಿಗೂ ದಂಡಧರನಾದವನು ವರುಣ. ವರುಣನ ಸಭೆಯಲ್ಲಿ ಸಾಕ್ಷಿ ಹೇಳುವುದಕ್ಕೆ ಬಡ ಬೆಸ್ತನಾಗಲಿ, ಎತ್ತಾಗಲಿ, ಪಂಡಿತನಾಗಲಿ ಹೋಗುವಂತಿಲ್ಲ.

೫

ಇನ್ನು ಇಂದಿನ ಸ್ಥಿತಿ. ೧೯೭೬ರ ೪೨ನೆಯ ತಿದ್ದುಪಡಿಯಿಂದ ಭಾರತದ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದುವು. ೪೮-ಎ ವಿಧಿಯಂತೆ ರಾಜ್ಯವು ಪರಿಸರವನ್ನೂ ಅರಣ್ಯವನ್ನೂ ವನ್ಯಜೀವಿಗಳನ್ನೂ ರಕ್ಷಿಸಲು ಪ್ರಯತ್ನಿಸತಕ್ಕದ್ದು. ೫೧-ಎ ವಿಧಿಯ ಒಂದು ಖಂಡದಂತೆ ಜೀವಿಗಳಲ್ಲಿ ದಯೆಯಿಂದಿರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. ಪ್ರಜೆಗೆ ದಯೆ, ರಾಜ್ಯಕ್ಕೆ ಪ್ರಯತ್ನ. ಋಣವಾಚಕವಾದ ಶಬ್ದ ಎರಡರಲ್ಲಿಯೂ ಇಲ್ಲ. ೪೮-ಎ ಸೇರಿರುವ ನಿರ್ದೇಶಕತತ್ತ್ವಗಳನ್ನು ನ್ಯಾಯಾಲಯಗಳ ಮೂಲಕ ಜಾರಿಮಾಡಿಸಲಾಗದೆಂದು ೩೭ನೆಯ ವಿಧಿಯೇ ಹೇಳುತ್ತದೆ.

ಹೀಗಿದ್ದರೂ ವರುಣನ ಸಭೆಯನ್ನು ಭೂಮಿಗೆ ಇಳಿಸಿದುದು ನಮ್ಮ ಕಾಲದ ದೊಡ್ಡ ಸಾಧನೆ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯೂ ೨೦೧೦ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳೂ ಸರ್ಕಾರವನ್ನು ನಿಲ್ಲಿಸಿ ಕೇಳುವ ಸ್ಥಾನಗಳು. ಬಂಡೀಪುರದ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ವಾಹನಸಂಚಾರವನ್ನು ತಡೆದ ೨೦೦೯ರ ಆಜ್ಞೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೧೦ರಲ್ಲಿ ಎತ್ತಿಹಿಡಿಯಿತು. ಸ್ಥಳವನ್ನೂ ಗಳಿಗೆಯನ್ನೂ ಹೆಸರಿಸಿದ ಈ ಆಜ್ಞೆಯು ಅಶೋಕನ ಸ್ತಂಭಶಾಸನದ ಜಾತಿಗೆ ಸೇರಿದುದು. ಜಲ್ಲಿಕಟ್ಟನ್ನು ನಿಷೇಧಿಸಿದ ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಅನಂತರ ೨೦೧೭ರಲ್ಲಿ ತಮಿಳುನಾಡು ಜಲ್ಲಿಕಟ್ಟಿಗಾಗಿಯೂ ಕರ್ನಾಟಕ ಕಂಬಳ ಮತ್ತು ಎತ್ತಿನ ಓಟಗಳಿಗಾಗಿಯೂ ಮಾಡಿಕೊಂಡ ತಿದ್ದುಪಡಿಗಳು, ಅವನ್ನು ಸಿಂಧುವೆಂದ ೨೦೨೩ರ ಸಂವಿಧಾನಪೀಠದ ನಿರ್ಣಯ ಇವುಗಳ ಯುಕ್ತಾಯುಕ್ತತೆ ಬೇರೆ ವಿಚಾರ. ಪ್ರಕೃತಕ್ಕೆ ಮುಖ್ಯವಾದುದು, ಒಂದು ಹೋರಿಯ ನೋವನ್ನು ಕುರಿತು ಸರ್ಕಾರಗಳು ಪೀಠದ ಮುಂದೆ ಕಾರಣ ಹೇಳಬೇಕಾಯಿತೆಂಬುದು.

ದಂಡದ ವಿಷಯದಲ್ಲಿ ಮಾತ್ರ ಸ್ಥಿತಿ ವಿಪರೀತವಾಗಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಕೇಂದ್ರ ಕಾಯಿದೆಯು ಮೊದಲನೆಯ ತಪ್ಪಿಗೆ ವಿಧಿಸಿದ ದಂಡ ೧೦ ರೂಪಾಯಿಗಳಿಗೆ ಕಡಮೆಯಿಲ್ಲದೆ ೫೦ ರೂಪಾಯಿಗಳವರೆಗೆ. ಮೂರು ವರ್ಷಗಳೊಳಗೆ ಮತ್ತೆ ತಪ್ಪಿದರೆ ೨೫ರಿಂದ ೧೦೦ ರೂಪಾಯಿ, ಅಥವಾ ಮೂರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ದಶಕಗಳ ಕಾಲ ಈ ಅಂಕಗಳು ಬದಲಾಗದೆ ಉಳಿದುವು. ಕೌಟಿಲ್ಯನ ೫೦ ಪಣ ಪರಿಚಾರಕನ ಹತ್ತು ತಿಂಗಳ ಬದುಕಾಗಿದ್ದಿತು. ನಮ್ಮ ೫೦ ರೂಪಾಯಿ ಒಂದು ಹೊತ್ತಿನ ಊಟಕ್ಕೂ ಸಾಲದಾಗಿದೆ. ಅಂಕವೊಂದೇ, ಅರ್ಥ ಬೇರೆ.

ಅಧಿಕಾರಿಯ ಮೇಲಣ ಹೊಣೆಯನ್ನು ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆ ಹೆಸರಿಸಿತು. ಸರ್ಕಾರದ ಇಲಾಖೆಯೇ ತಪ್ಪಿದರೆ ಅದರ ಮುಖ್ಯಸ್ಥನನ್ನು ಅಪರಾಧಿಯೆಂದು ಭಾವಿಸತಕ್ಕದ್ದೆಂದು ಅದರ ೧೭ನೆಯ ಪ್ರಕರಣ ಹೇಳುತ್ತಿದ್ದಿತು. ೨೦೨೩ರ ಜನವಿಶ್ವಾಸ ಕಾಯಿದೆಯು ಅದನ್ನು ತಿದ್ದಿ, ತನಗೆ ತಿಳಿಯದೆ ನಡೆಯಿತೆಂದಾಗಲಿ ತಕ್ಕ ಎಚ್ಚರ ವಹಿಸಿದ್ದೆನೆಂದಾಗಲಿ ತೋರಿಸಲಾರದ ಮುಖ್ಯಸ್ಥನಿಗೆ ಒಂದು ತಿಂಗಳ ಮೂಲವೇತನದಷ್ಟು ದಂಡವನ್ನು ಗೊತ್ತುಮಾಡಿತು. ಮಾಹಿತಿಯನ್ನು ನಿಷ್ಕಾರಣವಾಗಿ ತಡೆದ ಅಧಿಕಾರಿಗೂ ದಿನವೊಂದಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಗಳವರೆಗೆ ದಂಡವುಂಟು. ಭತ್ಯವೇತನದಿಂದ ಕಳೆಯಬೇಕೆಂಬ ಪ್ರಾಚೀನತತ್ತ್ವದ ಛಾಯೆ ಇವೆರಡರಲ್ಲಿಯೂ ಇದೆ. ೧೯೬೦ರ ಕಾಯಿದೆಯಲ್ಲಿಯಾದರೋ ಇಲಾಖೆಯ ಮುಖ್ಯಸ್ಥನನ್ನು ಹೊಣೆಗಾರನನ್ನಾಗಿಸುವ ಇಂಥ ವಾಕ್ಯವೇ ಕಾಣುವುದಿಲ್ಲ. ಗಾಡಿಯೆತ್ತಿಗೆ ಹೆಚ್ಚು ಭಾರ ಹೇರಿದ ಬಡವನನ್ನು ಅದು ಹಿಡಿಯಬಲ್ಲುದು. ಕೊಂಡವಾಡದಲ್ಲಿ ದನಕ್ಕೆ ಮೇವು ನೀರು ದೊರೆಯದಂತೆ ಬಿಟ್ಟ ಕಚೇರಿಯ ಯಜಮಾನನ ವೇತನವನ್ನು ಮುಟ್ಟಲಾರದು.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಪ್ರಾಚೀನರಲ್ಲಿ ಹೆಸರಿಸುವ ಸ್ಪಷ್ಟತೆಯೂ ನೋಯಿಸುವ ದಂಡವೂ ಇದ್ದುವು, ಅರಸನನ್ನು ಕೇಳುವ ಸಭೆಯಿರಲಿಲ್ಲ. ನಮ್ಮಲ್ಲಿ ಸಭೆಯಿದೆ, ದಂಡ ಸವೆದುಹೋಗಿದೆ. ಒಂದು ಶಾಸನದ ಪ್ರಾಣಿದಯೆಯನ್ನು ಅಳೆಯಬೇಕಾದರೆ ಅದರ ಪೀಠಿಕೆಯ ಮೃದುವಚನಗಳನ್ನು ನೋಡದೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಪ್ರಾಣಿಯನ್ನೂ ಸ್ಥಳವನ್ನೂ ಕಾಲವನ್ನೂ ಹೆಸರಿಸಿದೆಯೇ? ನಡೆಸತಕ್ಕ ಅಧಿಕಾರಿ ಯಾರೆಂದು ಹೇಳಿದೆಯೇ? ತಪ್ಪಿದರೆ ಅವನ ಸ್ವಂತ ಪಾಲಿನಿಂದ ಏನು ಕಳೆಯುತ್ತದೆ? ಆ ಲೆಕ್ಕವನ್ನು ಕೇಳುವ ಸಭೆ ಯಾವುದು? ಅಶೋಕನ ಲಿಪಿಯನ್ನೂ ಕೌಟಿಲ್ಯನ ಪ್ರಕರಣಗಳನ್ನೂ ಪಾಠಹೇಳುವ ಉಪಾಧ್ಯಾಯರು ಈ ನಾಲ್ಕನ್ನು ವಿದ್ಯಾರ್ಥಿಗಳಿಗೆ ಕಲಿಸಿದರೆ, ಅವರು ಮುಂದೆ ಪ್ರಜೆಗಳಾಗಿ ಓದುವ ಕಾಯಿದೆಗಳಲ್ಲಿಯೂ ದಯೆಯನ್ನು ಋಣದಿಂದ ಬೇರ್ಪಡಿಸಿ ಕಾಣುವ ಶಕ್ತಿಯನ್ನು ಪಡೆದಾರು.