ಹಾಡು ಕಟ್ ಕಟ್ ಆಗ್ತಿದೆಯಾ? ನೆಟ್ ಪ್ಲಾನ್ ಏರಿಸೋ ಮುಂಚೆ ಇದನ್ನ ಕೇಳಿ

ಈ ಸಲದ ಎಪಿಸೋಡ್ ಪೂರ್ತಿ ಒಂದೇ ದೂರಿನ ಬಗ್ಗೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿಂದ ಮೆಸೇಜ್ ಬಂದ್ರೂ ಮಾತು ಅದೇ: ಮನೇಲಿ ವೈಫೈ ಫುಲ್ ಸಿಗ್ನಲ್ ತೋರಿಸುತ್ತೆ, ಆದ್ರೂ ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಡು ಕಟ್ ಕಟ್ ಆಗುತ್ತೆ. ಇದಕ್ಕೆ ನಮ್ಮ ಜನ ಮಾಡೋ ಮೊದಲ ಕೆಲಸ ನೆಟ್ ಪ್ಲಾನ್ ದೊಡ್ಡದು ಮಾಡಿಸೋದು. ಅದೂ ಆಗ್ಲಿಲ್ಲ ಅಂದ್ರೆ ಹೊಸ ಸ್ಪೀಕರ್. ಎರಡಕ್ಕೂ ದುಡ್ಡು ಬೇಕು, ಬಹಳ ಸಲ ಎರಡರಿಂದಲೂ ಏನೂ ಆಗಲ್ಲ.

ಕಾಮರ್ಸ್ ಓದಿದವನು ನಾನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಸ್ಪಾಟಿಫೈನಲ್ಲಿ 'ವೆರಿ ಹೈ' ಕ್ವಾಲಿಟಿ ಇಟ್ರೂ ಒಂದು ಹಾಡಿಗೆ ಬೇಕಾಗೋದು ಸೆಕೆಂಡಿಗೆ ಸುಮಾರು 320 ಕಿಲೋಬಿಟ್. ನಿಮ್ಮದು 40 ಎಂಬಿಪಿಎಸ್ ಪ್ಲಾನ್ ಅಂತ ಇಟ್ಕೊಳ್ಳಿ, ಅಂದ್ರೆ 40,000 ಕಿಲೋಬಿಟ್. ಭಾಗಿಸಿ ನೋಡಿ, 125 ಹಾಡು ಒಟ್ಟಿಗೆ ಓಡಬಹುದು. ಒಂದೇ ಒಂದು ಹಾಡು ಎಡವುತ್ತಿರುವಾಗ ಪ್ಲಾನ್ 100ಕ್ಕೆ ಏರಿಸಿ ಏನ್ ಪ್ರಯೋಜನ ಹೇಳಿ?

ಹಾಗಾದ್ರೆ ತೊಂದರೆ ಎಲ್ಲಿದೆ? ಹಾಡು ನಿಮ್ಮ ಮನೆಯೊಳಗೇ ಎರಡು ಸಲ ಗಾಳಿಯಲ್ಲಿ ಜಿಗಿಯುತ್ತೆ. ರೂಟರ್‌ನಿಂದ ಫೋನಿಗೆ ವೈಫೈ ಮೇಲೆ, ಫೋನಿನಿಂದ ಸ್ಪೀಕರಿಗೆ ಬ್ಲೂಟೂತ್ ಮೇಲೆ. ಯಾವ ಜಿಗಿತದಲ್ಲಿ ಕಾಲು ಜಾರ್ತಿದೆ ಅಂತ ಕಂಡುಹಿಡಿಯೋಕೆ ಯಾವ ಆ್ಯಪೂ ಬೇಡ. ಹಾಡು ಕಟ್ ಆದಾಗ ಸ್ಕ್ರೀನ್ ಮೇಲೆ ಸೆಕೆಂಡ್ ಓಡ್ತಿದೆಯಾ ನೋಡಿ. ಸೆಕೆಂಡ್ ನಿಂತು ಚಕ್ರ ಸುತ್ತಿದ್ರೆ ವೈಫೈ ಅಥವಾ ನೆಟ್ ಕಡೆ ತೊಂದರೆ. ಸೆಕೆಂಡ್ ಓಡ್ತಾನೇ ಇದ್ದು ದನಿ ಮಾತ್ರ ತುಂಡು ತುಂಡಾಗಿ ಬಂದ್ರೆ ಅದು ಬ್ಲೂಟೂತ್.

ಈಗ ಅಸಲಿ ಕತೆ. ಆಕಾಶವಾಣಿ ಮೈಸೂರು 100.6ರಲ್ಲಿ ಬರುತ್ತಲ್ಲ, ಆ ಜಾಗ ಅವರದ್ದು, ಅಲ್ಲಿ ಬೇರೆಯವರು ಬಂದು ಕೂರೋ ಹಾಗಿಲ್ಲ. ಆದ್ರೆ 2.4 ಗಿಗಾಹರ್ಟ್ಜ್ ಅನ್ನೋದು ಊರ ಗೋಮಾಳ ಇದ್ದ ಹಾಗೆ. 2005ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಲೈಸೆನ್ಸ್ ಬೇಡ ಅಂತ ನಿಯಮ ಮಾಡಿತು. ಜೊತೆಗೆ ಒಂದು ಷರತ್ತು: ಇದು ಎಲ್ಲರೂ ಹಂಚಿಕೊಳ್ಳೋ ಜಾಗ, ನನಗೆ ಅಡ್ಡಿ ಆಯ್ತು ಅಂತ ರಕ್ಷಣೆ ಕೇಳೋ ಹಾಗಿಲ್ಲ. ಪಕ್ಕದ ಮನೆ ರೂಟರ್ ಮೇಲೆ ಕಂಪ್ಲೇಂಟ್ ಕೊಡೋಕೆ ಆಗಲ್ಲ ಕಣ್ರೀ. ಈ ಗೋಮಾಳದಲ್ಲಿ ವೈಫೈ, ಬ್ಲೂಟೂತ್, ವೈರ್‌ಲೆಸ್ ಮೌಸ್ ಎಲ್ಲಾ ಮೇಯ್ತಾ ಇವೆ. ಬೇಕರಿಯ ಮೈಕ್ರೋವೇವ್ ಕೂಡ ಓಡೋದು ಇಲ್ಲೇ, 2.45 ಆಸುಪಾಸು. ಅದರಿಂದ ಸೋರೋದು ತೀರಾ ಸ್ವಲ್ಪ, ಮೈಗೆ ಅಪಾಯ ಇಲ್ಲ, ಆದ್ರೆ ಪಿಸುಮಾತಿನಲ್ಲಿ ಮಾತಾಡೋ ಬ್ಲೂಟೂತ್‌ಗೆ ಅಷ್ಟೇ ಸಾಕು.

ಬ್ಲೂಟೂತ್ ಏನು ದಡ್ಡ ಅಲ್ಲ. ಹಾಡು ಕಳಿಸುವಾಗ 79 ಸಣ್ಣ ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲದವರೆಗೂ ಜಿಗಿಯುತ್ತೆ, ಗಲಾಟೆ ಇರೋ ಚಾನೆಲ್ ಬಿಟ್ಟು ಖಾಲಿ ಇರೋದನ್ನ ಆರಿಸಿಕೊಳ್ಳುತ್ತೆ. ಆದ್ರೆ ಒಂದು ವೈಫೈ ಚಾನೆಲ್ ಇಂಥ ಸುಮಾರು 20 ಚಾನೆಲ್ ನುಂಗುತ್ತೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ಗೋಡೆಗೆ ಗೋಡೆ ತಾಗಿಕೊಂಡಿರೋ ಮನೆಗಳ ಬೀದಿ ನೆನಪಿಸಿಕೊಳ್ಳಿ. ಮೂರು ಮನೆಯವರು ಮೂರು ಚಾನೆಲ್ ಹಿಡಿದ್ರೆ 60 ಹೋಯ್ತು, ಉಳಿದದ್ದು 19.

ಅದಕ್ಕೇ ನನ್ನ ಮೊದಲ ಸಲಹೆ: ಫೋನನ್ನ 5 ಗಿಗಾಹರ್ಟ್ಜ್ ವೈಫೈಗೆ ಹಾಕಿ. ಬಹಳಷ್ಟು ರೂಟರ್‌ಗಳಲ್ಲಿ ಎರಡು ಹೆಸರು ಕಾಣುತ್ತೆ, ಒಂದರ ಕೊನೆಗೆ 5ಜಿ ಅಂತ ಇರುತ್ತೆ. ಅದು ಮೊಬೈಲ್ 5ಜಿ ಅಲ್ಲ, ರೂಟರ್‌ನ ಇನ್ನೊಂದು ದಾರಿ ಅಷ್ಟೇ. ಎಷ್ಟೋ ಫೋನ್‌ಗಳಲ್ಲಿ 2.4ರ ವೈಫೈಗೂ ಬ್ಲೂಟೂತ್‌ಗೂ ಒಂದೇ ಆಂಟೆನಾ, ಎರಡೂ ಸರದಿ ಮೇಲೆ ಬಳಸ್ತವೆ. ವೈಫೈ 5ಕ್ಕೆ ಹೋದ್ರೆ ಆ ಜಗಳವೇ ಮುಗೀತು. ಇದು ನಿಮ್ಮ ಮನೆಯ ತೊಂದರೆ ಹೌದೋ ಅಲ್ವೋ ಅಂತ ನೋಡೋಕೆ ಒಂದು ಹಾಡು ಡೌನ್‌ಲೋಡ್ ಮಾಡ್ಕೊಳ್ಳಿ, ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ ಐದು ನಿಮಿಷ ಕೇಳಿ. ಆಗ ಚೆನ್ನಾಗಿ ಬಂದು, ಬ್ಲೂಟೂತ್ ಇಲ್ಲದೆ ವೈಫೈನಲ್ಲಿ ಫೋನ್ ಸ್ಪೀಕರ್‌ನಲ್ಲೂ ಚೆನ್ನಾಗಿ ಬಂದು, ಎರಡೂ ಸೇರಿದಾಗ ಮಾತ್ರ ಕೆಟ್ರೆ, ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರ್ತಿದ್ದಾರೆ ಅಂತ ಅರ್ಥ.

5ಕ್ಕೆ ಒಂದು ದೌರ್ಬಲ್ಯ ಇದೆ, ಗೋಡೆ ದಾಟೋದು ಕಷ್ಟ. ಹಳೆ ತೊಟ್ಟಿ ಮನೆಯ ದಪ್ಪ ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ ಸುಸ್ತಾಗುತ್ತೆ. ಅಂಥ ಮನೇಲಿ ರೂಟರನ್ನ ತೊಟ್ಟಿ ಕಡೆ ಮುಖ ಮಾಡಿ ಎತ್ತರಕ್ಕೆ ಇಡಿ, ಬಾಗಿಲುಗಳ ಮೂಲಕ ಎಲ್ಲಾ ಕೋಣೆಗೂ ದಾರಿ ಸಿಗುತ್ತೆ. ಹೊಸ ಆರ್‌ಸಿಸಿ ಮನೆ ಆದ್ರೆ ತಾರಸಿಯ ಕಬ್ಬಿಣ ಅಡ್ಡ, ಮೇಲಿನ ಮಹಡಿಗೆ ಜಾಸ್ತಿ ಆಸೆ ಇಟ್ಕೋಬೇಡಿ. ರೂಟರ್‌ನ ಸ್ಟೀಲ್ ಬೀರು ಮೇಲೆ, ಟಿವಿ ಹಿಂದೆ ಇಡೋ ಅಭ್ಯಾಸ ಮಾತ್ರ ಇವತ್ತೇ ಬಿಡಿ.

ಹಳೇ ರೂಟರ್, 5 ಇಲ್ವೇ ಇಲ್ಲ ಅಂದ್ರೆ ಚಾನೆಲ್ ಬದಲಿಸಿ. ರೂಟರ್ ಅಡಿಯ ಸ್ಟಿಕ್ಕರ್‌ನಲ್ಲಿ ಲಾಗಿನ್ ವಿಳಾಸ ಇರುತ್ತೆ. ಆರಿಸಬೇಕಾದ್ದು 1, 6, 11 ಇವುಗಳಲ್ಲಿ ಒಂದು. 1ರಲ್ಲೂ 6ರಲ್ಲೂ ಜನ ಇದ್ದಾರೆ, ನಡುವೆ 3 ಖಾಲಿ ಇದೆ ಅಂತ ಅಲ್ಲಿ ನುಗ್ಗೋದು ಜಾಣತನ ಅನ್ನಿಸುತ್ತೆ, ಅಲ್ಲ. ಹಾಲಿನ ಡೇರಿ ಕ್ಯೂ ನೋಡಿ. ಒಂದೇ ಸಾಲಿನಲ್ಲಿ ನಿಂತವರು ತಡ ಆದ್ರೂ ಸರದಿ ಮೇಲೆ ಹಾಲು ಹಾಕ್ತಾರೆ. ಎರಡು ಸಾಲಿನ ನಡುವೆ ಕ್ಯಾನ್ ಹಿಡ್ಕೊಂಡು ನಿಂತವನು ಇಬ್ಬರಿಗೂ ತೊಂದರೆ. ಒಂದೇ ಚಾನೆಲ್‌ನ ರೂಟರ್‌ಗಳು ಪರಸ್ಪರ ಮಾತು ಕೇಳಿಸಿಕೊಂಡು ಕಾಯ್ತವೆ, ಅರ್ಧಂಬರ್ಧ ಮೇಲೆ ಬಿದ್ದವು ಬರೀ ಗದ್ದಲ ಆಗ್ತವೆ. ಅಲ್ಲೇ ಚಾನೆಲ್ ಅಗಲ 40 ಅಂತ ಇದ್ರೆ 20 ಮಾಡಿ, ಬ್ಲೂಟೂತ್‌ಗೂ ಸ್ವಲ್ಪ ಜಾಗ ಉಳಿಯುತ್ತೆ.

ಲ್ಯಾಪ್‌ಟಾಪ್‌ನಿಂದ ಹಾಡು ಕೇಳೋರಿಗೆ ಒಂದು ಮಾತು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ಅದರ ವೈರ್‌ನಿಂದಲೇ 2.4ರಲ್ಲಿ ಗದ್ದಲ ಏಳುತ್ತೆ. ಇಂಟೆಲ್ ಕಂಪನಿಯವರೇ 2012ರಲ್ಲಿ ಇದನ್ನ ಅಳೆದು ಬರೆದಿದ್ದಾರೆ. ಅದನ್ನ ಕಿತ್ತು ಒಂದ್ಸಲ ನೋಡಿ.

ಇನ್ನೊಂದು ವಿಚಿತ್ರ. ಮನೇಲಿ ಚೆನ್ನಾಗಿರೋ ಇಯರ್‌ಬಡ್ ನಾಲೆ ಏರಿ ಮೇಲೆ, ಗದ್ದೆ ಬಯಲಲ್ಲಿ ಕಟ್ ಆಗುತ್ತೆ, ಸುತ್ತ ಒಂದು ರೂಟರೂ ಇಲ್ಲದಿದ್ರೂ. ಕಾರಣ ನಿಮ್ಮ ಮೈ. ದೇಹದಲ್ಲಿ ಜಾಸ್ತಿ ಇರೋದು ನೀರು, ನೀರು ಈ ತರಂಗ ಹೀರಿಕೊಳ್ಳುತ್ತೆ. ಮನೇಲಿ ಗೋಡೆಗೆ ಬಡಿದು ವಾಪಸ್ ಬಂದು ಕಿವಿ ಮುಟ್ಟುತ್ತೆ, ಬಯಲಲ್ಲಿ ಬಡಿಯೋಕೆ ಗೋಡೆ ಎಲ್ಲಿದೆ? ಫೋನ್ ಹಿಂದಿನ ಜೇಬಿನಿಂದ ಅಂಗಿ ಜೇಬಿಗೆ ಬಂದ್ರೆ ಸಾಕು.

ಇಷ್ಟೆಲ್ಲ ಮಾಡಿಯೂ ಏರೋಪ್ಲೇನ್ ಮೋಡ್‌ನಲ್ಲೇ ಹಾಡು ತುಂಡಾಗ್ತಿದ್ರೆ ಮನೆಯ ಇನ್ನೊಬ್ಬರ ಫೋನ್ ಜೋಡಿಸಿ. ಅದರಲ್ಲಿ ಸರಿ ಬಂದ್ರೆ ನಿಮ್ಮ ಫೋನ್ ನೋಡಬೇಕು. ಅದರಲ್ಲೂ ಕಟ್ ಆದ್ರೆ ಸ್ಪೀಕರನ್ನ ಬೀದಿಯ ಗಲಾಟೆಯಿಂದ ದೂರ, ಊರಾಚೆ ತಗೊಂಡು ಹೋಗಿ, ಫೋನ್ ಪಕ್ಕದಲ್ಲೇ ಇಟ್ಟು ಕೇಳಿ. ಅಲ್ಲೂ ಹಾಗೇ ಇದ್ರೆ ಆಗ ಬಿಲ್ ಹುಡುಕಿ, ವಾರಂಟಿ ಮುಗಿದಿದೆಯಾ ನೋಡಿ.