ಖಂಡಸ್ಫುಟಿತ ಜೀರ್ಣೋದ್ಧಾರ: ನ್ಯೂಯಾರ್ಕಿನ ಒಂದು ಭೋಜನಗೃಹದ ನಿದರ್ಶನ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕೆ ಭೂಮಿಯನ್ನೋ ಸುಂಕವನ್ನೋ ದತ್ತಿಯಾಗಿ ಬಿಡುವಾಗ, ಅಂಗಭೋಗ ರಂಗಭೋಗಗಳ ಜೊತೆಗೆ, ಒಡೆದುದನ್ನೂ ಬಿರಿದುದನ್ನೂ ಸವೆದುದನ್ನೂ ಸರಿಪಡಿಸುವುದಕ್ಕೆಂದು ದಾನಿಗಳು ಉತ್ಪನ್ನವನ್ನು ಗೊತ್ತುಮಾಡುತ್ತಿದ್ದರು. ಕಟ್ಟುವುದರಷ್ಟೇ ಕಾಪಾಡುವುದೂ ಧರ್ಮವೆಂಬುದು ಆ ಮಾತಿನ ತಾತ್ಪರ್ಯ. ಅದೇ ತತ್ತ್ವವು ಇಂದು ‘ಸುಸ್ಥಿರ ವಾಸ್ತುಶಿಲ್ಪ’ವೆಂಬ ಹೊಸ ಹೆಸರಿನಿಂದ ಲೋಕದಲ್ಲೆಲ್ಲ ಚರ್ಚೆಗೆ ಬಂದಿದೆ. ಅದನ್ನು ವಿಶದಪಡಿಸುವುದಕ್ಕೆ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿರುವ ‘ಟ್ಯಾವರ್ನ್ ಆನ್ ದ ಗ್ರೀನ್’ ಎಂಬ ಭೋಜನಗೃಹದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

843 ಎಕರೆಗಳ ಆ ಉದ್ಯಾನವನ್ನು ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರು 1858ರಲ್ಲಿ ರೂಪಿಸಿದರು. ಅವರ ಮೂಲ ನಕ್ಷೆಯಲ್ಲಿ ಇಲ್ಲದ ಒಂದು ಕುರಿದೊಡ್ಡಿಯನ್ನು, ಜೇಕಬ್ ರೇ ಮೋಲ್ಡ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ, 1870ರ ಸುಮಾರಿಗೆ ಇಟ್ಟಿಗೆಯಿಂದ ಕಟ್ಟಲಾಯಿತು. ಸುಮಾರು ಇನ್ನೂರು ಕುರಿಗಳು ಇಲ್ಲಿಂದ ದಿನವೂ ಎದುರಿನ ಹುಲ್ಲುಗಾವಲಿಗೆ ಮೇಯಲು ಹೋಗುತ್ತಿದ್ದುವು. ಅವು ದಾಟುವಾಗ ರಸ್ತೆಯ ಸಂಚಾರವೇ ನಿಲ್ಲುತ್ತಿತ್ತು. 1934ರಲ್ಲಿ ಉದ್ಯಾನಾಧಿಕಾರಿ ರಾಬರ್ಟ್ ಮೋಸೆಸ್ ಕುರಿಗಳನ್ನು ಬ್ರೂಕ್ಲಿನ್ನಿಗೆ ಕಳುಹಿಸಿ, ದೊಡ್ಡಿಯನ್ನು ಭೋಜನಗೃಹವಾಗಿ ಮಾರ್ಪಡಿಸಿದನು. ಕಟ್ಟಡವನ್ನು ಕೆಡವದೆಯೇ ಅದರ ಉಪಯೋಗವನ್ನು ಬದಲಿಸಿದ ಕಾರ್ಯವಿದು.

ಆದರೆ ಹೋಟೆಲು ಬೆಳೆದಂತೆಲ್ಲ ಅದರ ಹಸಿವೂ ಬೆಳೆಯಿತು. 1956ರಲ್ಲಿ ಗಿರಾಕಿಗಳ ಮೋಟಾರುಗಳನ್ನು ನಿಲ್ಲಿಸಲು ಪಕ್ಕದ ಮಕ್ಕಳ ಆಟದ ಜಾಗವನ್ನು ತೆಗೆದುಕೊಳ್ಳಹೊರಟಾಗ, ನೆರೆಯ ತಾಯಂದಿರು ಯಂತ್ರಗಳಿಗೆ ಅಡ್ಡನಿಂತರು. ಕೊನೆಗೆ ಮೋಸೆಸನೇ ಹಿಮ್ಮೆಟ್ಟಿ, ಅಲ್ಲಿ ಆಟದ ಬಯಲನ್ನು ಕಟ್ಟಿಸಬೇಕಾಯಿತು. 1963ರಲ್ಲಿ ಈ ಉದ್ಯಾನವು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಯಿತು. ಆದರೂ 1976ರಲ್ಲಿ ವಾರ್ನರ್ ಲೆರಾಯ್ ಎಂಬ ಉದ್ಯಮಿಯು ಗಾಜಿನ ವಿಶಾಲವಾದ ಕೋಣೆಯನ್ನು ಸೇರಿಸಿ, ದೀಪಗುಚ್ಛಗಳಿಂದ ಅಲಂಕರಿಸಿದನು. 2007ರಲ್ಲಿ ಇಲ್ಲಿಯ ವಹಿವಾಟು ಸುಮಾರು 38 ದಶಲಕ್ಷ ಡಾಲರುಗಳಷ್ಟಿತ್ತು. ಹಾಗಿದ್ದೂ, ನಗರದ ಪರವಾನಗಿ ಕೈತಪ್ಪಿದಾಗ, 2009ರಲ್ಲಿ ಸಂಸ್ಥೆ ದಿವಾಳಿಯೆದ್ದಿತು, ದೀಪಗುಚ್ಛಗಳು ಹರಾಜಾದುವು. ವಹಿವಾಟಿನ ಹಿರಿಮೆ ಒಂದು, ಬಂಡವಾಳದ ಭದ್ರತೆ ಇನ್ನೊಂದು ಎಂಬುದನ್ನು ಬ್ಯಾಂಕಿನ ವೃತ್ತಿಯಲ್ಲಿರುವ ನನ್ನಂಥವರಿಗೆ ಹೇಳಬೇಕಾಗಿಲ್ಲ.

ಆ ಬಳಿಕ ನಗರವು ಕೈಗೊಂಡ ಕ್ರಮವೇ ನಮಗೆ ಮುಖ್ಯವಾದುದು. ಗಾಜಿನ ಕೋಣೆಯನ್ನೂ ಇತರ ಸೇರ್ಪಡೆಗಳನ್ನೂ ತೆಗೆದುಹಾಕಿ, ಮೂಲದ ಇಟ್ಟಿಗೆಯ ಕಟ್ಟಡವನ್ನು ಮತ್ತೆ ಬೆಳಕಿಗೆ ತರಲಾಯಿತು. ಕೆಲಕಾಲ ಅದು ಸಂದರ್ಶಕರ ಮಾಹಿತಿಕೇಂದ್ರವಾಗಿತ್ತು. 2014ರ ಏಪ್ರಿಲಿನಲ್ಲಿ ಮತ್ತೆ ಭೋಜನಗೃಹವಾಗಿ ತೆರೆದಾಗ ಆಸನಗಳ ಸಂಖ್ಯೆ ಮೊದಲಿಗಿಂತ ಬಹಳ ಕಡಿಮೆಯಾಗಿತ್ತು. ಅಂಗಳದ ಕಡೆಗೆ ಗಾಜಿನ ಗೋಡೆಯಿರುವ ಹೊಸ ಕೋಣೆಯೊಂದು ಉಂಟು. ಆದರೆ ಅದು ಹಳೆಯ ಕಟ್ಟಡವನ್ನು ನುಂಗಿಹಾಕಿಲ್ಲ.

ಇದರಲ್ಲಿ ಸುಸ್ಥಿರತೆಯೆಂಬುದು ಎಲ್ಲಿದೆ? ಇಟ್ಟಿಗೆಯನ್ನು ಸುಡುವುದಕ್ಕೆ, ಕಬ್ಬಿಣವನ್ನು ಕರಗಿಸುವುದಕ್ಕೆ, ಇವನ್ನೆಲ್ಲ ಸಾಗಿಸುವುದಕ್ಕೆ ವ್ಯಯವಾದ ಶಕ್ತಿಯು ಗೋಡೆಯಲ್ಲಿ ಹೂಡಿದ ಬಂಡವಾಳವಿದ್ದಂತೆ. ಗೋಡೆಯನ್ನು ಕೆಡವಿದರೆ ಆ ಹೂಡಿಕೆ ವ್ಯರ್ಥವಾಗುತ್ತದೆ; ಹೊಸದನ್ನು ಕಟ್ಟಲು ಮತ್ತೊಮ್ಮೆ ಅಷ್ಟನ್ನು ಸಾಲ ತರಬೇಕು. ಮಾನವವ್ಯವಹಾರದಿಂದ ವಾಯುಮಂಡಲವನ್ನು ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7–8ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಹೊಸ ಕಟ್ಟಡ ಎಷ್ಟೇ ಮಿತವ್ಯಯಿಯಾದರೂ, ಅದನ್ನು ಕಟ್ಟುವುದರಿಂದಾದ ಹಾನಿಯನ್ನು ತೀರಿಸಲು ಕಟ್ಟಡದ ಬಗೆಯನ್ನನುಸರಿಸಿ 10ರಿಂದ 80 ವರ್ಷಗಳು ಬೇಕೆಂದು ಅಮೆರಿಕದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ನ್ಯಾಸವು 2012ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ಹಾಗೆಂದು ಗೋಡೆಯನ್ನು ಉಳಿಸಿಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ಭೋಜನಗೃಹದಲ್ಲಿ ಒಲೆ, ಶೀತಕೋಣೆ, ಹೊಗೆಯನ್ನು ಹೊರದೂಡುವ ಪಂಖ, ಬಿಸಿನೀರು ಇವು ನಿತ್ಯವೂ ಶಕ್ತಿಯನ್ನು ತಿನ್ನುತ್ತವೆ. ಗಾಜು ಬೇಸಗೆಯಲ್ಲಿ ಬಿಸಿಲನ್ನು ಸೆರೆಹಿಡಿದು, ಚಳಿಗಾಲದಲ್ಲಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಆದುದರಿಂದ ಬಂಡವಾಳವನ್ನು ಕಾಪಾಡುವುದರ ಜೊತೆಗೆ ನಿತ್ಯದ ಖರ್ಚನ್ನೂ ಹಿಡಿತದಲ್ಲಿಡಬೇಕು. ಕಟ್ಟಡದ ಗಾತ್ರ ಉದ್ಯಾನಕ್ಕೆ ಮೀರದಂತಿರಬೇಕು.

ಮುಂಬಯಿಯಂಥ ನಗರಗಳಲ್ಲಿ ನಮ್ಮವರ ಹೆಸರು ಉಡುಪಿ ಹೋಟೆಲುಗಳೊಡನೆ ಬೆಸೆದುಕೊಂಡಿದೆ. ಆದುದರಿಂದ ಈ ವಿಚಾರ ನಮಗೆ ದೂರದ್ದಲ್ಲ. ಹಳೆಯ ಹೋಟೆಲನ್ನು ಹೊಸದು ಮಾಡಲು ಸಾಲ ಕೇಳಿ ಬಂದ ಅಂದಾಜುಪಟ್ಟಿಗಳನ್ನು ನಾನು ನೋಡಿದ್ದೇನೆ. ಕೆಡವುವ ಕೂಲಿಗೆ ಅಲ್ಲಿ ಒಂದು ಸಾಲು ಇರುತ್ತದೆ. ಕೆಡವಿದ್ದರ ಬೆಲೆಗೆ ಸಾಲಿರುವುದಿಲ್ಲ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಸವಕಳಿಯನ್ನು ಕಳೆಯುತ್ತ ಹೋದರೆ ಏಳನೆಯ ವರ್ಷದ ಕೊನೆಗೆ ಕಟ್ಟಡದ ಬೆಲೆ ಪುಸ್ತಕದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಗೋಡೆ ಮಾತ್ರ ನೂರು ವರ್ಷ ನಿಂತಿರುತ್ತದೆ. ಅಂಥ ಪಟ್ಟಿಗಳಿಗೆ ನಾನೂ ರುಜು ಹಾಕಿದವನೇ. ನಮ್ಮ ಪೂರ್ವಿಕರು ಬಿರುಕಿಗೂ ಒಂದು ಉತ್ಪನ್ನವನ್ನು ಗೊತ್ತುಮಾಡಿ ಅದನ್ನು ಕಲ್ಲಿನಲ್ಲಿ ಬರೆಸಿದ್ದರು. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲನ್ನಾದರೂ ತೆರೆಯುವುದು ಅಸಾಧ್ಯವಾಗಲಾರದು.